350 ಬ್ಲಾಕನ್ನು 383 ಮಾಡೋದು: ಯಾವ ರಾಡ್, ಯಾವ ಪಿಸ್ಟನ್, ಎಲ್ಲಿ ಉಜ್ಜಬೇಕು?

ಹ್ಯೂಸ್ಟನ್_ಹೈದ:
ಗಾಡಿ 1978ರ ಷೆವ್ರೊಲೆ ಸಿ10 ಪಿಕಪ್. ಎರಡು ಬೋಲ್ಟ್ ಮೇನ್ ಕ್ಯಾಪಿನ (ಕ್ರ್ಯಾಂಕನ್ನು ಹಿಡಿಯೋ ಕ್ಯಾಪ್) 350 ಘನ ಇಂಚಿನ ವಿ8 ಬ್ಲಾಕ್, ಹಿಂದಿನ ಮೇನ್ ಸೀಲ್ ಎರಡು ತುಂಡಿನದು. ಬೋರ್ ಸವೆದಿದೆ, 30 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಪಾಲು) ಓವರ್‌ಸೈಜ್ ಹೊಡೆಸದೆ ವಿಧಿಯಿಲ್ಲ. ಅಷ್ಟು ಮಾಡೋದಾದ್ರೆ 3.75 ಇಂಚು ಸ್ಟ್ರೋಕಿನ ಕ್ರ್ಯಾಂಕ್ ಹಾಕಿ 383 ಮಾಡಿಬಿಡೋಣ ಅನ್ನೋ ಯೋಚನೆ. ರೇಸಿಗಲ್ಲ, ಟ್ರೈಲರ್ ಎಳೆಯೋಕೆ; 5500 ಆರ್‌ಪಿಎಂ ದಾಟಲ್ಲ. ಹೆಡ್ ಹಳೇ ಕಬ್ಬಿಣದವು, 76 ಸಿಸಿ ಚೇಂಬರ್. 5.7 ಇಂಚಿನ ರಾಡ್ ಒಳ್ಳೇದೋ 6.0 ಇಂಚಿನದೋ? ಕಿಟ್‌ಗಳಲ್ಲಿ ಇಂಟರ್ನಲ್ ಬ್ಯಾಲೆನ್ಸ್, ಎಕ್ಸ್‌ಟರ್ನಲ್ ಬ್ಯಾಲೆನ್ಸ್ ಅಂತ ಎರಡು ಥರ ಕಾಣ್ತಿವೆ. ಬ್ಲಾಕಿನಲ್ಲಿ ಎಲ್ಲೆಲ್ಲಿ ಉಜ್ಜಬೇಕಾಗುತ್ತೆ?

ಲೇತ್_ರಾಯರು:
ಮೊದಲು ಅಳತೆ ನೋಡಿಬಿಡಿ, ಅರ್ಧ ಗೊಂದಲ ಅಲ್ಲೇ ಕರಗುತ್ತೆ. ಬ್ಲಾಕಿನ ಡೆಕ್ ಎತ್ತರ, ಅಂದ್ರೆ ಕ್ರ್ಯಾಂಕಿನ ನಡುವಿಂದ ಹೆಡ್ ಕೂರೋ ಮೇಲ್ಮೈವರೆಗೆ, 9.025 ಇಂಚು. ಅದರಲ್ಲಿ ಸ್ಟ್ರೋಕಿನ ಅರ್ಧ 1.875 ಕಳೆಯಿರಿ, ರಾಡ್ 5.7 ಕಳೆಯಿರಿ, ಉಳಿಯೋದು 1.450. 5.7 ರಾಡಿನ 383 ಪಿಸ್ಟನ್ನಿಗೆ ಗಜನ್ ಪಿನ್ (ಪಿಸ್ಟನ್ನನ್ನು ರಾಡಿಗೆ ಸೇರಿಸೋ ಪಿನ್) ನಡುವಿಂದ ತಲೆಯವರೆಗೆ 1.425 ಇರುತ್ತೆ. ಅಂದ್ರೆ ಪಿಸ್ಟನ್ ಮೇಲಕ್ಕೆ ಬಂದಾಗ ಡೆಕ್ಕಿಗಿಂತ 25 ಥೌ ಕೆಳಗೇ ನಿಲ್ಲುತ್ತೆ. ನಿಮ್ಮ ಹಳೇ 350 ಪಿಸ್ಟನ್ನಿನಲ್ಲಿ ಇದೇ ಅಳತೆ 1.56. ಅದನ್ನು 5.7 ರಾಡಿಗೆ ಹಾಕಿದ್ರೆ 110 ಥೌ ಡೆಕ್ಕಿನಿಂದ ಹೊರಗೆ ಬಂದು ಹೆಡ್ಡಿಗೆ ಬಡಿಯುತ್ತೆ. ಹಿಂದೆಲ್ಲ ಷೆವ್ರೊಲೆ 400 ಎಂಜಿನ್ನಿನ ಗಿಡ್ಡ 5.565 ರಾಡ್ ಹಾಕ್ತಿದ್ದಿದ್ದು ಇದಕ್ಕೇ, ಪಿಸ್ಟನ್ 350ರದೇ ನಡೀತಿತ್ತು. ಈಗ ಆ ದಾರಿ ಬೇಡ. ಪಿಸ್ಟನ್ನಿನ ಸ್ಕರ್ಟಿಗೂ ಕ್ರ್ಯಾಂಕಿನ ಕೌಂಟರ್‌ವೇಟಿಗೂ ಜಾಗ ಸಾಲದು.

6.0 ರಾಡಿಗೆ 1.125ರ ಗಿಡ್ಡ ಪಿಸ್ಟನ್. ಪಿನ್ನಿನ ತೂತು ಆಯಿಲ್ ರಿಂಗಿನ ತೋಡಿನೊಳಗೆ ನುಗ್ಗೋದರಿಂದ ಅಲ್ಲೊಂದು ಸಪೋರ್ಟ್ ರೈಲ್ ಕೂರಿಸಬೇಕು, ಅದರಿಂದ ತೊಂದರೆಯೇನಿಲ್ಲ. ಪಿಸ್ಟನ್ ಹಗುರ, ಸ್ಕರ್ಟ್ ಕೌಂಟರ್‌ವೇಟಿಂದ ದೂರ, ಹಾಗಾಗಿ ಇಂಟರ್ನಲ್ ಬ್ಯಾಲೆನ್ಸ್ (ತೂಕವೆಲ್ಲ ಕ್ರ್ಯಾಂಕಿನಲ್ಲೇ ಸರಿದೂಗಿಸೋದು) ಸಲೀಸು. ರಾಡ್ ರೇಶಿಯೋ (ರಾಡಿನ ಉದ್ದವನ್ನು ಸ್ಟ್ರೋಕಿನಿಂದ ಭಾಗಿಸಿದ್ದು) 1.52 ಇದ್ದದ್ದು 1.60 ಆಗುತ್ತೆ ಅಂತ ಕುಣಿಯೋರಿದ್ದಾರೆ. 5500 ಆರ್‌ಪಿಎಂನ ಗಾಡಿಯಲ್ಲಿ ಅದು ನಿಮ್ಮ ಅರಿವಿಗೇ ಬರಲ್ಲ. ದರ ಹತ್ತಿರ ಹತ್ತಿರ ಇದ್ರೆ 6.0, ಇಲ್ಲಾಂದ್ರೆ ನಿಶ್ಚಿಂತೆಯಿಂದ 5.7.

ಕ್ರ್ಯಾಂಕ್ ಮಾತ್ರ ಹೊಸದೇ ತಗೊಳ್ಳಿ, 2.45 ಇಂಚಿನ ಮೇನ್ ಜರ್ನಲ್, ಎರಡು ತುಂಡಿನ ಸೀಲಿಗೆ ಅಂತ ಹೇಳಿ. 400ರ ಅಸಲಿ ಕ್ರ್ಯಾಂಕಿನ ಮೇನ್ 2.65, ಅದನ್ನು ಅರೆಸಿ ಇಳಿಸೋ ಖರ್ಚು ಇವತ್ತು ಲೆಕ್ಕಕ್ಕೆ ಬರಲ್ಲ.

ಥೌ_ಲೆಕ್ಕ:
ಉಜ್ಜೋ ವಿಷಯ. ಸ್ಟ್ರೋಕಿನ ಅರ್ಧ 135 ಥೌ ಹೆಚ್ಚಾಯ್ತು, ರಾಡಿನ ದೊಡ್ಡ ತುದಿ ಅಷ್ಟೇ ಅಗಲವಾಗಿ ಸುತ್ತುತ್ತೆ. ತಾಗೋದು ಮೂರು ಕಡೆ: ಸಂಪ್ ಕೂರೋ ಬ್ಲಾಕಿನ ಅಂಚು, ಬೋರಿನ ಕೆಳತುದಿ, ಮತ್ತೆ ಕ್ಯಾಮ್ ಲೋಬ್ (ವಾಲ್ವ್ ತೆರೆಸೋ ಉಬ್ಬು). ಮೊದಲೆರಡರಲ್ಲಿ ಕನಿಷ್ಠ 60 ಥೌ, ಕ್ಯಾಮಿಗೆ 50 ಥೌ ಬಿಡಬೇಕು.

ಬೋರಿಂಗಿಗೆ ಮುಂಚೆಯೇ ಒಂದು ಸುಳ್ಳು ಜೋಡಣೆ ಮಾಡಿ. ಬೇರಿಂಗಿಗೆ ಎಣ್ಣೆ ಹಚ್ಚಿ ಕ್ರ್ಯಾಂಕ್ ಕೂರಿಸಿ. ಓವರ್‌ಸೈಜ್ ಪಿಸ್ಟನ್ ಈ ಬೋರಿಗೆ ಇಳಿಯಲ್ಲ, ಹಳೇ ಪಿಸ್ಟನ್ನೇ ರಿಂಗ್ ತೆಗೆದು ಹೊಸ ರಾಡಿಗೆ ಸಿಕ್ಕಿಸಿ. ಹೆಡ್ ಇಲ್ಲದಿರೋದರಿಂದ ಡೆಕ್ ಮೇಲೆ ಬಂದರೂ ಪರವಾಗಿಲ್ಲ, ಸ್ಕರ್ಟ್ ಕೌಂಟರ್‌ವೇಟಿಗೆ ತಾಗಿದ್ರೆ ಕತ್ತರಿಸಿ. ಕ್ಯಾಮ್, ಟೈಮಿಂಗ್ ಚೈನ್ ಎರಡೂ ಹಾಕಿ, ಇಲ್ಲಾಂದ್ರೆ ಪರೀಕ್ಷೆ ವ್ಯರ್ಥ. ಕ್ರ್ಯಾಂಕ್ ಎರಡು ಸುತ್ತಿಗೆ ಕ್ಯಾಮ್ ಒಂದೇ ಸುತ್ತು. ಹಾಗಾಗಿ ಮೊದಲ ಸುತ್ತಿನಲ್ಲಿ ರಾಡಿನ ಎದುರು ಲೋಬಿನ ಬೆನ್ನು ಇರುತ್ತೆ, ಎರಡನೇ ಸುತ್ತಿನಲ್ಲಿ ಮೂಗು ಬಂದು ನಿಲ್ಲುತ್ತೆ. ಒಂದೇ ಸುತ್ತು ತಿರುಗಿಸಿ ಸರಿಯಿದೆ ಅಂದುಕೊಂಡರೆ ಎಂಜಿನ್ ಸ್ಟಾರ್ಟ್ ಆದಾಗಲೇ ಗೊತ್ತಾಗೋದು. ರಾಡಿನ ಭುಜದ ಮೇಲೆ ಮೆತ್ತನೆ ಕ್ಲೇ ಒತ್ತಿ, ಎರಡು ಪೂರ್ತಿ ಸುತ್ತು ಕೈಯಲ್ಲೇ ತಿರುಗಿಸಿ, ಕ್ಲೇ ಕುಯ್ದು ದಪ್ಪ ಅಳೆಯಿರಿ. ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳೋದು 1, 2, 5, 6ನೇ ಸಿಲಿಂಡರಿನ ರಾಡ್‌ಗಳು. ಬೋಲ್ಟ್ ತಲೆ ಹೊರಚಾಚಿರೋ ಹಳೇ ಮಾದರಿ ರಾಡಿಗಿಂತ ಕ್ಯಾಪ್ ಸ್ಕ್ರೂ ಇರೋ ಸ್ಟ್ರೋಕರ್ ರಾಡ್ ವಾಸಿ. ಆಗಲೂ ತಾಗಿದ್ರೆ ಸ್ಮಾಲ್ ಬೇಸ್ ಸರ್ಕಲ್ ಕ್ಯಾಮ್ (ಲೋಬಿನ ಬುಡದ ಸುತ್ತು ಚಿಕ್ಕದಿರೋದು).

ಅಂಚು ಕೊರೆಯೋವಾಗ ಸ್ವಲ್ಪ ಕೊರೆದು, ಮತ್ತೆ ತಿರುಗಿಸಿ ನೋಡಿ. ಒಳಗೆ ನೀರಿನ ಜಾಕೆಟ್ ಇದೆ, ಅವಸರದಲ್ಲಿ ತೂತಾದರೆ ಬ್ಲಾಕ್ ಗುಜರಿಗೆ. ಕೊರೆದ ಮೇಲೆ ಆಯಿಲ್ ಗ್ಯಾಲರಿ ಪ್ಲಗ್ ಬಿಚ್ಚಿ ಬ್ರಶ್ ಹಾಕಿ ತೊಳೆಸಿ. ಆಮೇಲೆ ಟಾರ್ಕ್ ಪ್ಲೇಟ್ (ಹೆಡ್ ಬಿಗಿದಷ್ಟೇ ಒತ್ತಡ ಕೊಡೋ ತಟ್ಟೆ) ಕಟ್ಟಿ ಹೋನಿಂಗ್.

ಹ್ಯೂಸ್ಟನ್_ಹೈದ:
ಧನ್ಯವಾದ ಸರ್. 76 ಸಿಸಿ ಹೆಡ್ಡಿಗೆ ಫ್ಲಾಟ್ ಟಾಪ್ ಪಿಸ್ಟನ್ ಹಾಕಿದ್ರೆ ಕಂಪ್ರೆಷನ್ 9.2 ಬರುತ್ತೆ, ಅದೇ ಸಾಕಲ್ವಾ?

ಲೇತ್_ರಾಯರು:
ಸಂಖ್ಯೆ ಸರಿ, ಸಂಖ್ಯೆಯಷ್ಟೇ ಸಾಲದು. 25 ಥೌ ಡೆಕ್ ಜೊತೆ 41 ಥೌ ಗ್ಯಾಸ್ಕೆಟ್ ಸೇರಿ 66 ಥೌ ಆಯ್ತು. ಪಿಸ್ಟನ್ನಿನ ಚಪ್ಪಟೆ ಭಾಗಕ್ಕೂ ಹೆಡ್ಡಿಗೂ ಅಷ್ಟು ದೂರ ಇದ್ರೆ ಕ್ವೆಂಚ್ (ಆ ಕಿರುಜಾಗದಿಂದ ಮಿಶ್ರಣವನ್ನು ಹಿಂಡಿ ಕಲಕೋದು) ಕೆಲಸ ಮಾಡಲ್ಲ, ಟ್ರೈಲರ್ ಕಟ್ಟಿ ಏರು ಹತ್ತೋವಾಗ ನಾಕಿಂಗ್ ಶುರು. 40 ಥೌ ಹತ್ತಿರ ತನ್ನಿ. ಡೆಕ್ಕಿನಿಂದ 25 ಥೌ ತೆಗೆಸಿ ಸೊನ್ನೆಗೆ ತಂದು, 64 ಸಿಸಿಯ ಅಲ್ಯೂಮಿನಿಯಂ ಹೆಡ್, 16 ಸಿಸಿಯ ಡಿ ಆಕಾರದ ಡಿಶ್ ಪಿಸ್ಟನ್ ಹಾಕಿ. ಒಂದು ಸಿಲಿಂಡರಿನ ಸ್ವೆಪ್ಟ್ ವಾಲ್ಯೂಮ್ 784 ಸಿಸಿ. ಮೇಲೆ ಉಳಿಯೋದು 64, 16, ಗ್ಯಾಸ್ಕೆಟ್ಟಿನ 9 ಸೇರಿ 89. ಕಂಪ್ರೆಷನ್ 9.8. ಇದಕ್ಕೆ ಪ್ರೀಮಿಯಂ ಪೆಟ್ರೋಲೇ ಬೇಕು. 87 ಆಕ್ಟೇನಿನಲ್ಲೇ ಓಡಿಸೋದಾದ್ರೆ 22 ಸಿಸಿ ಡಿಶ್ ತಗೊಳ್ಳಿ, 9.3ಕ್ಕೆ ಇಳಿಯುತ್ತೆ. ಕಂಪ್ರೆಷನ್ ಬಿಟ್ಟರೂ ಆ ಹಳೇ ಹೆಡ್ಡಿಗೆ 383ರ ಉಸಿರು ಸಾಲಲ್ಲ. 180 ಸಿಸಿ ಇನ್‌ಟೇಕ್ ರನ್ನರ್ ಇರೋದು ನಿಮ್ಮ ಕೆಲಸಕ್ಕೆ ಸರಿಯಾಗುತ್ತೆ. ಕಾರ್ಬ್ಯುರೇಟರ್ 650 ಸಿಎಫ್‌ಎಂ ಧಾರಾಳ.

ಮಲ್ನಾಡ್_ವಿ8:
ಹೈಪರ್‌ಯೂಟೆಕ್ಟಿಕ್ (ಸಿಲಿಕಾನ್ ಜಾಸ್ತಿ ಇರೋ ಅಲ್ಯೂಮಿನಿಯಂ) ಪಿಸ್ಟನ್ ತಗೊಂಡ್ರೆ ರಿಂಗ್ ಗ್ಯಾಪ್ ಮರೀಬೇಡಿ. ಮಾಮೂಲಿ ಲೆಕ್ಕದಲ್ಲಿ ಬೋರಿನ ಇಂಚಿಗೆ 4 ಥೌ, ಅಂದ್ರೆ 16 ಥೌ. ಮೇಲಿನ ರಿಂಗ್ ತಲೆಗೆ ಹತ್ತಿರ ಇರೋ ಹೈಪರ್‌ಯೂಟೆಕ್ಟಿಕ್‌ಗಳಲ್ಲಿ ರಿಂಗಿಗೆ ಬಿಸಿ ಜಾಸ್ತಿ, 26 ಥೌವರೆಗೂ ಕೇಳುತ್ತೆ. ಪಿಸ್ಟನ್ ಡಬ್ಬಿಯಲ್ಲಿರೋ ಹಾಳೆ ಏನು ಹೇಳುತ್ತೋ ಅದೇ ಅಂತಿಮ. ಗ್ಯಾಪ್ ಕಡಿಮೆಯಾದ್ರೆ ರಿಂಗಿನ ಎರಡು ತುದಿ ಒಂದಕ್ಕೊಂದು ಒತ್ತಿ ಪಿಸ್ಟನ್ನಿನ ಮೇಲಂಚೇ ಕಿತ್ತು ಬರುತ್ತೆ.

ಬ್ಯಾಲೆನ್ಸ್: ನಿಮ್ಮ 350ರ ಕ್ರ್ಯಾಂಕಿನ ಮುಂತುದಿಯ ಡ್ಯಾಂಪರ್, ಹಿಂತುದಿಯ ಫ್ಲೆಕ್ಸ್‌ಪ್ಲೇಟ್ ಎರಡರಲ್ಲೂ ಹೆಚ್ಚುವರಿ ತೂಕ ಇಲ್ಲ. ಇಂಟರ್ನಲ್ ಬ್ಯಾಲೆನ್ಸ್ ಕಿಟ್ ತಂದ್ರೆ ಅವೇ ನಡೀತವೆ. ಎಕ್ಸ್‌ಟರ್ನಲ್ ತಂದ್ರೆ 400ರ ತೂಕದ ಡ್ಯಾಂಪರ್, ಫ್ಲೆಕ್ಸ್‌ಪ್ಲೇಟ್ ಎರಡೂ ಬೇಕು, ಒಂದು ಬದಲಿಸಿ ಒಂದು ಬಿಟ್ಟರೆ ನಡುಕ ಶುರುವಾಗಿ ಮೇನ್ ಬೇರಿಂಗ್ ತಿಂದುಹಾಕುತ್ತೆ. 1986ರ ನಂತರದ ಒಂದೇ ತುಂಡು ಸೀಲಿನ ಎಂಜಿನ್‌ಗಳಲ್ಲಿ ಫ್ಲೆಕ್ಸ್‌ಪ್ಲೇಟಿಗೆ ಮಾತ್ರ ತೂಕ. ಗುಜರಿಯಲ್ಲಿ ಸಿಕ್ಕಿತು ಅಂತ ಅದನ್ನು ತಂದು ಕಟ್ಟಬೇಡಿ. ಕಿಟ್ ಡಬ್ಬಿ ಮೇಲೆ ಬ್ಯಾಲೆನ್ಸ್ ಆಗಿದೆ ಅಂತ ಬರೆದಿದ್ದರೂ ಪಿಸ್ಟನ್, ಪಿನ್, ರಿಂಗ್, ಬೇರಿಂಗ್ ಎಲ್ಲ ಕೊಟ್ಟು ಅಂಗಡಿಯಲ್ಲಿ ಇನ್ನೊಮ್ಮೆ ನೋಡಿಸಿ.

ಡೆಕ್ ಕೆಲಸಕ್ಕೆ ಬ್ಲಾಕ್ ಕೊಡೋವಾಗಲೇ ಬೋರ್ ಗೋಡೆ ದಪ್ಪ ಸೋನಿಕ್ ಟೆಸ್ಟ್ (ಶಬ್ದತರಂಗದಿಂದ ಅಳೆಯೋದು) ಮಾಡಿಸಿ. ತೆಳು ಬಂದ್ರೆ ಕಿಟ್‌ಗೆ ಆರ್ಡರ್ ಕೊಡೋ ಮುಂಚೆ ಬೇರೆ ಬ್ಲಾಕ್ ಹುಡುಕಬಹುದು.