ಅತ್ತಿಗೆಗೆ ಉತ್ತರ: ಕಥೆಯಿರುವ ಗುಡ್ಡಗಳು, ಮಕ್ಕಳು ಹತ್ತಬಲ್ಲ ಗುಡ್ಡಗಳು

ಅತ್ತಿಗೆ, ನಮಸ್ಕಾರ. ಮೇ ಕೊನೆಯ ವಾರದಲ್ಲಿ ಅಣ್ಣ, ಅಮ್ಮ ಮತ್ತು ಮಕ್ಕಳಿಬ್ಬರನ್ನು ಕರೆದುಕೊಂಡು ಐರ್ಲೆಂಡಿಗೆ ಬಂದಾಗ, ಡಬ್ಲಿನ್ನಿನ ಬೀದಿಗಳನ್ನಷ್ಟೇ ಸುತ್ತದೆ, ಇಲ್ಲಿಯ ಹಳೆಯ ಕಥೆಗಳಿರುವ ಗುಡ್ಡ ಕಾಡುಗಳಲ್ಲಿ ಎಲ್ಲರೂ ಆರಾಮವಾಗಿ ನಡೆಯಬಹುದಾದ ಜಾಗಗಳು ಯಾವುವು ಎಂದು ನೀವು ನಿನ್ನೆ ಗುಂಪಿನಲ್ಲಿ ಕೇಳಿದ್ದಿರಿ. ಒಂದೆರಡು ಸಾಲಿನಲ್ಲಿ ಹೆಸರು ಬರೆದು ಮುಗಿಸಬಹುದಿತ್ತು. ಆದರೆ ಆರು ವರ್ಷದ ಚಿಕ್ಕವನ ಕಾಲು ಮತ್ತು ಅಮ್ಮನ ಮೊಣಕಾಲು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೇಳಬೇಕಾದ್ದರಿಂದ ಈ ಧ್ವನಿ ಸಂದೇಶ ಉದ್ದವಾಗುತ್ತದೆ. ಅಡುಗೆ ಮಾಡುತ್ತಾ ಕೇಳಿಸಿಕೊಳ್ಳಿ.

ನಮ್ಮ ಮಕ್ಕಳನ್ನು ಎಳೆದುಕೊಂಡು ಇಲ್ಲಿ ಎಂಟು ವರ್ಷ ಸುತ್ತಿದ ಮೇಲೆ ನನಗೆ ಒಂದು ವಿಷಯ ಮನವರಿಕೆಯಾಗಿದೆ. ಮಕ್ಕಳ ಮಟ್ಟಿಗೆ ದಾರಿ ಎಷ್ಟು ಕಿಲೋಮೀಟರ್ ಎನ್ನುವುದಕ್ಕಿಂತ, ಕಥೆ ನಡೆದ ಜಾಗ ದಾರಿಯ ಯಾವ ತುದಿಯಲ್ಲಿದೆ ಎನ್ನುವುದೇ ಮುಖ್ಯ. ಗುಡ್ಡದ ತುದಿಯಲ್ಲಿ ರಾಣಿಯ ಸಮಾಧಿ ಇದೆ ಎಂದರೆ ಆರು ವರ್ಷದ ಮಗುವೂ ಮುನ್ನೂರು ಮೀಟರ್ ಹತ್ತುತ್ತದೆ. ಕಥೆಯೆಲ್ಲ ಕಾರು ನಿಲ್ಲಿಸಿದ ಕಡೆಯೇ ಮುಗಿದುಹೋದರೆ ಹತ್ತನೆಯ ನಿಮಿಷಕ್ಕೇ "ಇನ್ನೆಷ್ಟು ದೂರ" ಎಂಬ ರಾಗ ಶುರುವಾಗುತ್ತದೆ.

ಗ್ಲೆಂಡಲಾಕ್‌ನಲ್ಲಿ ನಮಗೆ ಆದದ್ದು ಅದೇ. ಡಬ್ಲಿನ್ನಿನ ದಕ್ಷಿಣಕ್ಕೆ, ವಿಕ್ಲೋ ಬೆಟ್ಟಗಳ ನಡುವೆ ಇರುವ ಈ ಕಣಿವೆಯ ಹೆಸರಿನ ಅರ್ಥವೇ ಎರಡು ಕೆರೆಗಳ ಕಣಿವೆ. ಆರನೆಯ ಶತಮಾನದಲ್ಲಿ ಸಂತ ಕೆವಿನ್ ಇಲ್ಲಿ ಮಠ ಕಟ್ಟಿದನೆನ್ನುತ್ತಾರೆ. ಅವನು ಕೈ ಚಾಚಿ ಪ್ರಾರ್ಥಿಸುತ್ತಿದ್ದಾಗ ಕಪ್ಪು ಹಕ್ಕಿಯೊಂದು ಅವನ ಅಂಗೈಯಲ್ಲಿ ಗೂಡು ಕಟ್ಟಿ ಮೊಟ್ಟೆಯಿಟ್ಟಿತಂತೆ, ಮರಿಗಳು ಹಾರಿಹೋಗುವವರೆಗೂ ಅವನು ಕೈ ಅಲ್ಲಾಡಿಸಲಿಲ್ಲವಂತೆ. ರಾಜ ಒಟೂಲ್‌ನ ಮುದಿ ಹೆಬ್ಬಾತಿಗೆ ಮತ್ತೆ ಹಾರುವ ಶಕ್ತಿ ಕೊಟ್ಟು, ಅದು ಸುತ್ತು ಹಾಕಿದಷ್ಟು ಭೂಮಿಯನ್ನು ಮಠಕ್ಕೆ ಕೇಳಿ ಪಡೆದ ಕಥೆಯೂ ಅವನದೇ. ಕಥೆಗಳು ಸೊಗಸಾಗಿವೆ. ಆದರೆ ಮಠದ ಅವಶೇಷ, ಸುಮಾರು 30 ಮೀಟರ್ ಎತ್ತರದ ದುಂಡು ಗೋಪುರ ಎಲ್ಲವೂ ಆರಂಭದಲ್ಲೇ ಸಿಕ್ಕಿಬಿಡುತ್ತವೆ. ಹಾಗಾಗಿ ಅಲ್ಲಿ ಮೇಲಿನ ಕೆರೆಯ ಬಳಿ ಕಾರು ಬಿಟ್ಟು, ಹಸಿರು ದಾರಿ ಎನ್ನುವ ಸಮತಟ್ಟಾದ ಕಾಡುದಾರಿಯಲ್ಲಿ ಮಠದ ಕಡೆಗೆ ನಡೆಯಿರಿ; ಆಗ ಗೋಪುರ ಕೊನೆಗೆ ಬರುತ್ತದೆ. ಅಮ್ಮನಿಗೂ ಈ ದಾರಿ ಕಷ್ಟವಲ್ಲ. ಸ್ಪಿಂಕ್ ಎನ್ನುವ, ನೂರಾರು ಮರದ ಮೆಟ್ಟಿಲುಗಳಿರುವ ಏರುದಾರಿಯ ಚಿತ್ರಗಳನ್ನು ನೋಡಿ ಅಣ್ಣ ಆಸೆಪಟ್ಟರೆ ಅವರೊಬ್ಬರನ್ನೇ ಕಳುಹಿಸಿ.

ಡಬ್ಲಿನ್ನಿಗೆ ತೀರ ಹತ್ತಿರದಲ್ಲಿ ಒಂದೇ ದಿನಕ್ಕೆ ಎರಡು ಜಾಗ ಹೊಂದಿಸಬಹುದು. ಬೆಳಿಗ್ಗೆ ಗ್ಲೆನಾಸ್ಮೋಲ್ ಕಣಿವೆಗೆ ಹೋಗಿ. 1880ರ ದಶಕದಲ್ಲಿ ಡಾಡರ್ ನದಿಗೆ ಒಡ್ಡು ಹಾಕಿ ಕಟ್ಟಿದ ಬೊಹರ್ನಬ್ರೀನಾ ಜಲಾಶಯಗಳ ದಡದಲ್ಲಿ ಏರಿಳಿತವಿಲ್ಲದ ದಾರಿಯಿದೆ. ಫಿನ್ ಮಕೂಲ್ ಎಂಬ ವೀರನ ಮಗ ಅಶೀನ್, ನೀವ್ ಎಂಬ ಚೆಲುವೆಯ ಹಿಂದೆ ಬಿಳಿ ಕುದುರೆಯೇರಿ ಮುಪ್ಪಿಲ್ಲದ ನಾಡಿಗೆ ಹೋಗಿರುತ್ತಾನೆ. ಅಲ್ಲಿ ಕಳೆದದ್ದು ಸ್ವಲ್ಪವೇ ಕಾಲ ಎಂದುಕೊಂಡು ಊರು ನೋಡಲು ಬಂದರೆ ಇಲ್ಲಿ ಮುನ್ನೂರು ವರ್ಷ ಸಂದಿರುತ್ತದೆ. ನೆಲಕ್ಕೆ ಕಾಲಿಡಬೇಡ ಎಂದು ನೀವ್ ಮೊದಲೇ ಎಚ್ಚರಿಸಿದ್ದಳು. ಈ ಕಣಿವೆಯಲ್ಲಿ ಕೆಲವರು ಕಲ್ಲೊಂದನ್ನು ಎತ್ತಲಾಗದೆ ಒದ್ದಾಡುತ್ತಿರುವುದನ್ನು ಕಂಡು ಕನಿಕರದಿಂದ ಅವನು ಕುದುರೆಯ ಮೇಲಿಂದಲೇ ಬಾಗುತ್ತಾನೆ, ಜೀನಿನ ಪಟ್ಟಿ ಹರಿಯುತ್ತದೆ, ನೆಲ ಮುಟ್ಟಿದ ಕ್ಷಣವೇ ಹಣ್ಣು ಹಣ್ಣು ಮುದುಕನಾಗುತ್ತಾನೆ. ಕಳೆದ ಸಲ ಅಮ್ಮ ಫೋನಿನಲ್ಲಿ ಈ ಕಥೆ ಕೇಳಿದವರೇ, "ಇದು ನಮ್ಮ ರೇವತಿಯ ಕಥೆಯಂತೆಯೇ ಇದೆಯಲ್ಲ" ಎಂದಿದ್ದರು. ಭಾಗವತದಲ್ಲಿ ರಾಜ ಕಕುದ್ಮಿ ಮಗಳಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಒಂದು ಗಾಯನ ಮುಗಿಯುವಷ್ಟು ಹೊತ್ತು ಕಾದು ನಿಲ್ಲುವುದರೊಳಗೆ ಇಲ್ಲಿ 27 ಚತುರ್ಯುಗಗಳು ಕಳೆದಿರುತ್ತವೆ. ವಿಚಿತ್ರವೆಂದರೆ ಎರಡೂ ಕಥೆಗಳಲ್ಲಿ, ಹಿಂದಿರುಗಿ ಬಂದವರ ಕಣ್ಣಿಗೆ ಭೂಮಿಯ ಜನರು ಕುಗ್ಗಿ ಗಿಡ್ಡರಾಗಿ, ಬಲಗುಂದಿದವರಾಗಿ ಕಾಣುತ್ತಾರೆ. ಆ ದಡದಲ್ಲಿ ಮಕ್ಕಳಿಗೆ ಎರಡು ಕಥೆಗಳನ್ನೂ ಅಮ್ಮನೇ ಹೇಳಲಿ.

ಅಲ್ಲಿಂದ ಸ್ವಲ್ಪ ಹೊತ್ತಿನ ದಾರಿಯಲ್ಲಿ 383 ಮೀಟರ್ ಎತ್ತರದ ಮಾಂಟ್‌ಪೆಲಿಯರ್ ಗುಡ್ಡವಿದೆ. ಹಿಂದೆ ಅಲ್ಲಿ ಸೇರುತ್ತಿದ್ದ ಶ್ರೀಮಂತರ ಮೋಜಿನ ಕೂಟದ ಹೆಸರಿನಿಂದ ಎಲ್ಲರೂ ಅದನ್ನು ಹೆಲ್‌ಫೈರ್ ಕ್ಲಬ್ ಎಂದೇ ಕರೆಯುತ್ತಾರೆ. ಪೈನ್ ಕಾಡಿನ ನಡುವಿನ ಅಗಲವಾದ ದಾರಿಯಲ್ಲಿ ಮಕ್ಕಳೊಂದಿಗೆ ಮುಕ್ಕಾಲು ಗಂಟೆ ಹತ್ತಿದರೆ ತುದಿಯಲ್ಲಿ ಖಾಲಿ ಕಿಟಕಿಗಳ ಕಪ್ಪು ಕಲ್ಲುಮನೆ, ಎದುರಿಗೆ ಇಡೀ ಡಬ್ಲಿನ್ ಕೊಲ್ಲಿ. ವಿಲಿಯಂ ಕಾನಲಿ ಎಂಬ ಸಿರಿವಂತ ರಾಜಕಾರಣಿ 1725ರ ಸುಮಾರಿಗೆ ಇದನ್ನು ಬೇಟೆಮನೆಯಾಗಿ ಕಟ್ಟಿಸಿದ. ಅದಕ್ಕಾಗಿ ಅಲ್ಲೇ ಇದ್ದ ಪುರಾತನ ಗೋರಿಯ ಕಲ್ಲುಗಳನ್ನು ಕಿತ್ತು ಬಳಸಿದನೆಂದೂ, ಅದರ ಫಲವಾಗಿಯೇ ಸ್ವಲ್ಪ ದಿನಗಳಲ್ಲಿ ಬಿರುಗಾಳಿಗೆ ಚಾವಣಿ ಹಾರಿಹೋಯಿತೆಂದೂ ಊರವರು ಹೇಳುತ್ತಾ ಬಂದರು. ಅವನು ಹಟಕ್ಕೆ ಬಿದ್ದು ಕಲ್ಲಿನ ಕಮಾನು ಚಾವಣಿಯನ್ನೇ ಹಾಕಿಸಿದ, ಅದು ಇಂದಿಗೂ ನಿಂತಿದೆ. 2016ರಲ್ಲಿ ಪುರಾತತ್ತ್ವಜ್ಞರು ಮನೆಯ ಹಿಂದೆ ಅಗೆದಾಗ ನವಶಿಲಾಯುಗದ ಗೋರಿಯ ಕುರುಹು ನಿಜಕ್ಕೂ ಸಿಕ್ಕಿತು. ಇಸ್ಪೀಟಾಟದ ಮಧ್ಯೆ ಕೆಳಗೆ ಬಿದ್ದ ಎಲೆಯನ್ನು ಹೆಕ್ಕಲು ಬಾಗಿದವನಿಗೆ, ಎದುರು ಕುಳಿತ ಅಪರಿಚಿತನ ಕಾಲಿನಲ್ಲಿ ಗೊರಸು ಕಂಡ ಕಥೆಯೂ ಈ ಮನೆಯದೇ. ದೊಡ್ಡವಳಿಗೆ ಅದು ಹಿಡಿಸುತ್ತದೆ. ಚಿಕ್ಕವನಿಗೆ ಹೇಳಿದರೆ ರಾತ್ರಿ ನಿದ್ರೆ ಕೆಡುವುದು ನಿಮ್ಮದೇ.

ಒಂದೇ ಒಂದು ಗುಡ್ಡಕ್ಕೆ ಸಮಯವಿದೆ ಎಂದರೆ ನಾನು ಸೂಚಿಸುವುದು ನಾಕ್‌ನರೇ. ಪಶ್ಚಿಮ ಕರಾವಳಿಯ ಸ್ಲೈಗೊ ಪಟ್ಟಣದ ಪಕ್ಕದಲ್ಲಿ, ಡಬ್ಲಿನ್ನಿನಿಂದ ಸುಮಾರು ಮೂರು ಗಂಟೆಯ ಪ್ರಯಾಣದಲ್ಲಿ, ಸಮುದ್ರದಂಚಿಗೆ 327 ಮೀಟರ್ ಎದ್ದು ನಿಂತಿರುವ ಸುಣ್ಣಕಲ್ಲಿನ ಗುಡ್ಡ ಇದು. ತುದಿಯ ಮೇಲೆ ಸುಮಾರು 10 ಮೀಟರ್ ಎತ್ತರ, 55 ಮೀಟರ್ ಅಗಲದ ಕಲ್ಲುಗುಪ್ಪೆಯಿದ್ದು, ಕೆಳಗಿನ ರಸ್ತೆಯಿಂದಲೇ ಮಕ್ಕಳಿಗೆ ಕಾಣಿಸುತ್ತದೆ. ಕಾನಾಟ್ ನಾಡಿನ ರಾಣಿ ಮೇವ್ ಅದರೊಳಗೆ, ಕೈಯಲ್ಲಿ ಈಟಿ ಹಿಡಿದು, ಉತ್ತರದ ಅಲ್ಸ್ಟರ್ ವೈರಿಗಳಿಗೆ ಮುಖಮಾಡಿ ನಿಂತೇ ಇದ್ದಾಳೆ ಎನ್ನುವುದು ನಂಬಿಕೆ. ಅವಳ ಕಥೆ ಶುರುವಾಗುವುದು ಹಾಸಿಗೆಯ ಮೇಲಿನ ಗಂಡ ಹೆಂಡಿರ ಜಗಳದಿಂದ. ಯಾರ ಆಸ್ತಿ ಹೆಚ್ಚು ಎಂದು ಇಬ್ಬರೂ ಪಾತ್ರೆ ಪಗಡಿಯಿಂದ ಹಿಡಿದು ಎಲ್ಲವನ್ನೂ ಎಣಿಸುತ್ತಾರೆ. ಗಂಡ ಐಲಿಲ್‌ನ ಬಳಿ ಬಿಳಿ ಕೊಂಬಿನ ಹೋರಿಯೊಂದು ಹೆಚ್ಚಿಗೆ ಇದೆ ಎಂದು ತಿಳಿದಾಗ, ಅದಕ್ಕೆ ಸಮನಾದ, ಕೂಲಿ ಎಂಬ ಪ್ರಾಂತದ ಕಂದು ಹೋರಿಯನ್ನು ಹಿಡಿದು ತರಲು ಮೇವ್ ಅಲ್ಸ್ಟರ್ ಮೇಲೆ ದಂಡೆತ್ತಿ ಹೋಗುತ್ತಾಳೆ. ವಿರಾಟಪರ್ವದ ಗೋಗ್ರಹಣವನ್ನೂ ನಮ್ಮೂರ ಕೆರೆಯೇರಿಯ ಮೇಲಿನ ತುರುಗೋಳ್ ವೀರಗಲ್ಲನ್ನೂ ಕಂಡ ನಮಗೆ, ದನಕ್ಕಾಗಿ ಯುದ್ಧ ಎನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಗುಪ್ಪೆಯನ್ನು ಇಂದಿನವರೆಗೂ ಅಗೆದಿಲ್ಲ. ಅದು ಸುಮಾರು 5000 ವರ್ಷಗಳಷ್ಟು ಹಳೆಯದು. ಮೇವ್ ಎಂಬುವಳು ನಿಜವಾಗಿ ಇದ್ದಿದ್ದರೂ ಅವಳ ಕಾಲ ಹೆಚ್ಚೆಂದರೆ ಎರಡು ಸಾವಿರ ವರ್ಷಗಳ ಹಿಂದಿನದು. ಹಾಗಾಗಿ ಒಳಗೆ ಇರುವವರು ಬೇರೆ ಯಾರೋ. ಮಕ್ಕಳಿಗೆ ಇದನ್ನು ಇಳಿಯುವಾಗ ಹೇಳಿ. ಪೂರ್ವದ ಕಡೆಯಿಂದ ಹತ್ತುವ ದಾರಿ ಚಿಕ್ಕದು, ಆದರೆ ಕಲ್ಲುಕಲ್ಲಾಗಿದೆ. ಸ್ಟ್ರಾಂಡ್‌ಹಿಲ್ ಕಡೆಯಿಂದ ಕಾಡಿನೊಳಗೆ ಮೆಟ್ಟಿಲುಗಳಿರುವ ಇನ್ನೊಂದು ದಾರಿಯಿದೆ. ಎರಡರಲ್ಲೂ ಮಕ್ಕಳಿಗೆ ಒಂದು ಗಂಟೆ ಹಿಡಿದುಕೊಳ್ಳಿ. ಅಮ್ಮನಿಗೆ ಎರಡೂ ಬೇಡ. ಅವರು ನನ್ನೊಂದಿಗೆ ಸ್ಟ್ರಾಂಡ್‌ಹಿಲ್ ಕಡಲ ದಂಡೆಯಲ್ಲಿ ಚಹಾ ಕುಡಿಯುತ್ತಾ ಕುಳಿತಿರಲಿ. ಗುಪ್ಪೆಯ ಮೇಲೆ ಹತ್ತಬಾರದೆಂದು ಫಲಕ ಹಾಕಿದ್ದಾರೆ, ಹತ್ತುವವರು ಇದ್ದೇ ಇರುತ್ತಾರೆ, ನೀವು ಹತ್ತಬೇಡಿ. ಅಲ್ಲಿಂದ ಒಂದು ಕಲ್ಲನ್ನೂ ತರಬಾರದು, ತಂದರೆ ಕೇಡು ಎನ್ನುತ್ತಾರೆ. ನಮ್ಮ ಮಗ ಮೊದಲ ಸಲ ಹೋದಾಗ ಗುಟ್ಟಾಗಿ ಒಂದನ್ನು ಜೇಬಿಗೆ ಹಾಕಿಕೊಂಡಿದ್ದ. ಮರುದಿನ ಬಟ್ಟೆ ಒಗೆಯುವ ಯಂತ್ರ ಅದನ್ನು ಗಡಗಡ ತಿರುಗಿಸಿ, ಗಾಜಿನ ಬಾಗಿಲು ಬಿರುಕುಬಿಟ್ಟು ನಿಂತಿತು. ಮೇವ್ ರಾಣಿಯ ಮೇಲೆ ಅವನಿಗೆ ಅಂದಿನಿಂದ ಅಪಾರ ಗೌರವ. ಮುಂದಿನ ಬೇಸಿಗೆಯಲ್ಲಿ ಅವನೇ ನೆನಪಿಸಿ ಕಲ್ಲನ್ನು ಹಿಂದಕ್ಕೆ ಇಟ್ಟು ಬಂದ.

ಹಿಂದಿರುಗುವ ದಾರಿಯಲ್ಲಿ ಗಾಲ್ವೇ ಕಡೆಗೆ ಹೋಗುವುದಾದರೆ ನಾಕ್‌ಮಾ ಕಾಡು ಸಿಗುತ್ತದೆ. ಇನ್ನೂರು ಮೀಟರಿಗಿಂತ ತಗ್ಗಾದ ಗುಡ್ಡ, ನೆರಳಿನ ಸುತ್ತುದಾರಿ, ಪ್ರವಾಸಿಗರು ಕಡಿಮೆ. ಕಾನಾಟ್‌ನ ಯಕ್ಷರಂಥ ಜನರ ಅರಸ ಫಿನ್ವಾರಾ ಇದರ ಒಡಲಲ್ಲಿ ಇದ್ದಾನೆಂದು ಪ್ರತೀತಿ. ಅವನು ಒಬ್ಬ ದೊರೆಯ ಹೊಸ ಹೆಂಡತಿ ಎತ್ನಾಳನ್ನು ಅಪಹರಿಸುತ್ತಾನೆ. ದೊರೆ ಆಳುಗಳನ್ನು ಕರೆಸಿ ಗುಡ್ಡವನ್ನೇ ಅಗೆಸುತ್ತಾನೆ, ಆದರೆ ಹಗಲು ತೋಡಿದ ಕಂದಕ ಬೆಳಗಾಗುವಷ್ಟರಲ್ಲಿ ಮುಚ್ಚಿಹೋಗಿರುತ್ತದೆ. ತೋಡಿದ ಮಣ್ಣಿನ ಮೇಲೆ ಉಪ್ಪು ಎರಚು ಎಂದು ಒಂದು ದನಿ ಹೇಳುತ್ತದೆ. ಉಪ್ಪು ಬಿದ್ದ ಮೇಲೆ ಕಂದಕ ಹಾಗೆಯೇ ಉಳಿದು, ಕೊನೆಗೆ ಫಿನ್ವಾರಾ ಎತ್ನಾಳನ್ನು ಒಪ್ಪಿಸಲೇಬೇಕಾಗುತ್ತದೆ. ದೃಷ್ಟಿ ತೆಗೆಯಲು ಉಪ್ಪು ನಿವಾಳಿಸುವ ಅಮ್ಮನಿಗೆ ಈ ಕಥೆಯಲ್ಲಿ ಅಚ್ಚರಿಯೇನೂ ಕಾಣಲಿಕ್ಕಿಲ್ಲ.

ಇಲ್ಲಿಯ ಹಳಬರು ಆ ಯಕ್ಷರಂಥ ಜನರ ಹೆಸರನ್ನು ನೇರವಾಗಿ ಎತ್ತುವುದಿಲ್ಲ, "ಒಳ್ಳೆಯ ಜನ" ಎನ್ನುತ್ತಾರೆ. ನಮ್ಮಲ್ಲಿ ಕತ್ತಲಾದ ಮೇಲೆ ಹಾವನ್ನು ಹುಳ ಎನ್ನುವುದಿಲ್ಲವೇ, ಹಾಗೆ. ನೀವು ಬರುವ ಹೊತ್ತಿಗೆ ಹಾಥಾರ್ನ್ ಎಂಬ ಮುಳ್ಳುಮರಗಳು ಬಿಳಿ ಹೂವಿನಿಂದ ತುಂಬಿರುತ್ತವೆ. ಹೊಲದ ನಡುವೆ ಒಂಟಿಯಾಗಿ ನಿಂತ ಹಾಥಾರ್ನ್ ಆ ಜನರದ್ದು, ಅದನ್ನು ಕಡಿಯಬಾರದು, ಹೂವನ್ನು ಮನೆಯೊಳಗೆ ತರಬಾರದು. 1999ರಲ್ಲಿ ಕ್ಲೇರ್ ಜಿಲ್ಲೆಯ ಲಟೂನ್‌ನಲ್ಲಿ ಹೆದ್ದಾರಿಗೆ ಅಡ್ಡವಿದ್ದ ಇಂಥದೊಂದು ಗಿಡಕ್ಕಾಗಿ ಕಥೆಗಾರ ಎಡ್ಡಿ ಲೆನಿಹನ್ ದನಿಯೆತ್ತಿದಾಗ, ಗಿಡವನ್ನು ಉಳಿಸಿಕೊಂಡೇ ರಸ್ತೆ ಮಾಡಿದರು. ಹೂ ಕಂಡಲ್ಲಿ ಕೈ ಚಾಚುವ ನಮ್ಮ ಅಭ್ಯಾಸವನ್ನು ಇಲ್ಲಿ ಸ್ವಲ್ಪ ಹಿಡಿದಿಟ್ಟುಕೊಳ್ಳಬೇಕು. ಅದರಲ್ಲೂ ಗಂಟೆಯಾಕಾರದ ನೇರಳೆ ಹೂಗಳ ಫಾಕ್ಸ್‌ಗ್ಲೋವ್ ಗಿಡವನ್ನು ಚಿಕ್ಕವನು ಮುಟ್ಟದಂತೆ ನೋಡಿಕೊಳ್ಳಿ. ಅದು ಕಥೆಯ ವಿಷವಲ್ಲ, ನಿಜವಾದ ವಿಷ.

ಅಣ್ಣ ಕೇಳಿದ ಸ್ಲೀವ್ ಗಲಿಯನ್ ಬಗ್ಗೆಯೂ ಹೇಳಿಬಿಡುತ್ತೇನೆ. ಮಾಟಗಾತಿಯ ಮಾತಿಗೆ ಮರುಳಾಗಿ ಫಿನ್ ಮಕೂಲ್ ಅದರ ತುದಿಯ ಕೆರೆಯಲ್ಲಿ ಮುಳುಗಿ, ತಲೆ ಬೆಳ್ಳಗಾಗಿ ಎದ್ದನಂತೆ. ತಪ್ಪಲಿನ ಕಾಡಿನಲ್ಲಿ ಮಕ್ಕಳಿಗೆಂದೇ ಕಥೆಗಳ ದಾರಿಯೊಂದನ್ನು ಚೆನ್ನಾಗಿ ಮಾಡಿದ್ದಾರೆ. ಆದರೆ ಆ ಬೆಟ್ಟ ಉತ್ತರ ಐರ್ಲೆಂಡಿನಲ್ಲಿದೆ, ಅಂದರೆ ಬ್ರಿಟನ್ನಿನ ಆಡಳಿತದಲ್ಲಿ. ಗಡಿಯಲ್ಲಿ ಗೇಟೂ ಇಲ್ಲ, ಕಾವಲೂ ಇಲ್ಲ, ಆದರೂ ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕೇ ಬೇಕು. ನಿಮ್ಮ ಐರಿಷ್ ವೀಸಾದ ಮೇಲೆ ಬಿಐವಿಎಸ್ (ಒಂದೇ ವೀಸಾದಲ್ಲಿ ಐರ್ಲೆಂಡ್, ಬ್ರಿಟನ್ ಎರಡಕ್ಕೂ ಹೋಗಬಹುದಾದ ಯೋಜನೆ) ಎಂದು ಮುದ್ರಿಸಿದ್ದರೆ ಹೋಗಬಹುದು, ಇಲ್ಲದಿದ್ದರೆ ಬೇಡ. ವೀಸಾ ಬಂದ ಕೂಡಲೇ ಅದನ್ನು ನೋಡಿ ತಿಳಿಸಿ.

ಇನ್ನುಳಿದದ್ದು ಸಾಮಾನು. ಮೇ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಬೆಳಕಿರುತ್ತದೆ, ಆದ್ದರಿಂದ ಊಟ ಮುಗಿಸಿ ನಿಧಾನವಾಗಿ ಹೊರಟರೂ ನಡೆಯುತ್ತದೆ. ಆದರೆ ಕೆಲವು ಕಾಡುಗಳ ಗೇಟನ್ನು ಸಂಜೆ ಹಾಕಿಬಿಡುತ್ತಾರೆ, ಒಳಗೆ ಕಾರು ಬಿಡುವ ಮೊದಲು ಫಲಕ ಓದಿಕೊಳ್ಳಬೇಕು. ಒಂದೇ ಗಂಟೆಯಲ್ಲಿ ಬಿಸಿಲು, ಮಳೆ, ಗಾಳಿ ಮೂರೂ ಬರುವುದರಿಂದ ಛತ್ರಿ ಉಪಯೋಗಕ್ಕೆ ಬರುವುದಿಲ್ಲ, ಟೋಪಿ ಇರುವ ಮಳೆಯಂಗಿಯೇ ಬೇಕು. ಹಾವುಗಳಿಲ್ಲ ಎಂದು ಅಮ್ಮನಿಗೆ ಧೈರ್ಯ ಹೇಳಿ. ಎತ್ತರದ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆಹುಳಗಳು ಇರುವುದರಿಂದ ಮಕ್ಕಳಿಗೆ ಉದ್ದ ಪ್ಯಾಂಟ್ ಹಾಕಿ, ಸಂಜೆ ಮೊಣಕಾಲಿನ ಹಿಂದೆ, ಕಿವಿಯ ಹಿಂದೆ ಒಮ್ಮೆ ನೋಡಿ. ಅವಘಡವೇನಾದರೂ ಆದರೆ 112ಕ್ಕೆ ಕರೆ ಮಾಡಿ ಪರ್ವತ ರಕ್ಷಣಾ ತಂಡ ಬೇಕೆಂದು ಹೇಳಬೇಕು. ಚಿತ್ರಾನ್ನದ ಡಬ್ಬಿ ನನ್ನ ಜವಾಬ್ದಾರಿ.

ನಡಿಗೆಯ ಬೂಟುಗಳನ್ನು ಮೈಸೂರಿನಿಂದ ಕೊಂಡು ಹೊತ್ತು ತರಬೇಡಿ, ನಮ್ಮ ಮಕ್ಕಳಿಗೆ ಚಿಕ್ಕದಾದ ನಾಲ್ಕು ಜೊತೆ ಇಲ್ಲಿ ಸುಮ್ಮನೆ ಬಿದ್ದಿವೆ. ಇಬ್ಬರ ಪಾದವನ್ನೂ ಕಾಗದದ ಮೇಲಿಟ್ಟು ಗೆರೆ ಎಳೆದು, ಸೆಂಟಿಮೀಟರಿನಲ್ಲಿ ಅಳತೆ ಕಳುಹಿಸಿ.