ಫಿಂಚ್‌ಗಳಿಗೆ ಮೈಟ್: ಹಕ್ಕಿಗೆ ಔಷಧಿಯೋ, ಪಂಜರಕ್ಕೋ?

ಡೊಂಬಿವಲಿಯಿಂದ ಕೇಳಿದ್ದು: ಬಾಲ್ಕನಿ ಪಂಜರದಲ್ಲಿ ನಾಲ್ಕು ಜೀಬ್ರಾ ಫಿಂಚ್, ಎರಡು ಗೋಲ್ಡಿಯನ್ ಫಿಂಚ್ ಹಕ್ಕಿಗಳಿವೆ. ಮಳೆ ಹಿಡಿದಾಗಿನಿಂದ ರಾತ್ರಿಯೆಲ್ಲ ಚಡಪಡಿಸುತ್ತವೆ, ಗರಿ ಕೆದಕಿಕೊಳ್ಳುತ್ತವೆ. ಒಂದು ಗೋಲ್ಡಿಯನ್ ಹಾಡೋದೇ ಬಿಟ್ಟಿದೆ. ಅಂಗಡಿಯವರು ನುಸಿಗುಳಿಗೆ ಇಡಿ ಅಂದರು. ಇಡಬಹುದಾ?

ಠಾಣೆಯಿಂದ: ಖಂಡಿತ ಬೇಡ ಅಕ್ಕ. ಅದರ ಆವಿ ಹಕ್ಕಿಗೆ ವಿಷ. ಸೀಮೆಎಣ್ಣೆ, ಸೊಳ್ಳೆ ಸ್ಪ್ರೇ ಕೂಡ ಹತ್ತಿರ ತರಬೇಡಿ.

ರಾತ್ರಿ ಚಡಪಡಿಕೆಗೆ ಮೊದಲ ಅನುಮಾನ ಮೈಟ್ ಅನ್ನೋ ಸಣ್ಣ ನುಸಿಗಳಲ್ಲಿ ರೆಡ್ ಮೈಟ್ ಮೇಲೆ. ಅದು ಹಕ್ಕಿ ಮೈಮೇಲೆ ವಾಸ ಮಾಡಲ್ಲ. ಕತ್ತಲಾದಮೇಲೆ ಬಂದು ರಕ್ತ ಹೀರಿ ಸಂದಿಗೆ ಸೇರಿಕೊಳ್ಳುತ್ತೆ. ಹಗಲಲ್ಲಿ ಹುಡುಕಿದರೆ ಸಿಗದಿರೋದು ಅದಕ್ಕೇ. ಸಂಜೆ ಪಂಜರಕ್ಕೆ ಬಿಳಿ ಹತ್ತಿಬಟ್ಟೆಯನ್ನು ಕಂಬಿಗೆ ತಾಗುವಂತೆ ಹೊದಿಸಿ, ದೀಪ ಆರಿಸಿ ಎರಡು ಗಂಟೆ ಬಿಟ್ಟು ಟಾರ್ಚ್ ಹಾಕಿ ಬಟ್ಟೆಯ ಒಳಮೈ ನೋಡಿ. ಹರಿದಾಡೋ ಚುಕ್ಕೆಯನ್ನು ಟಿಶ್ಯೂನಲ್ಲಿ ಒತ್ತಿದಾಗ ಕೆಂಪು ಕಲೆಯಾದರೆ ಅದೇ. ಕೂರೋ ಕೋಲಿನ ತುದಿ, ಟ್ರೇ ಅಂಚು, ಗೂಡುಪೆಟ್ಟಿಗೆಯ ಸಂದಿಗಳನ್ನೂ ನೋಡಿ.

ಸಿಕ್ಕರೆ ಹಕ್ಕಿಗಳನ್ನು ಬೇರೆ ಪಂಜರಕ್ಕೆ ಬಿಡಿ. ತೆಂಗಿನನಾರಿನ ಗೂಡು, ಬಿದಿರುಬುಟ್ಟಿಗಳನ್ನು ಚೀಲಕ್ಕೆ ಕಟ್ಟಿ ಎಸೆಯಿರಿ. ಅವನ್ನು ಶುದ್ಧ ಮಾಡೋಕಾಗಲ್ಲ. ಕೋಲುಗಳನ್ನು ಕುದಿಸಿ, ಪಂಜರದ ಮೂಲೆಮೂಲೆಗೂ ಕುದಿನೀರು ಹೊಯ್ದು, ಸೋಪು ಹಾಕಿ ಬ್ರಷ್‌ನಿಂದ ತಿಕ್ಕಿ, ಪೂರ್ತಿ ಒಣಗಿಸಿ. ನಮ್ಮ ಸೆಕೆಯಲ್ಲಿ ಮೊಟ್ಟೆ ಒಂದೇ ವಾರದಲ್ಲಿ ಬಲಿತ ಮೈಟ್ ಆಗಬಹುದು. ಹಾಗಾಗಿ 5–6 ದಿನಕ್ಕೊಮ್ಮೆ, ಕನಿಷ್ಠ ಮೂರು ಸಲ ಮಾಡಬೇಕು. ಪಂಜರ ಖಾಲಿ ಬಿಟ್ಟರೆ ಸಾಯುತ್ತವೆ ಅನ್ನೋದನ್ನ ನಂಬಬೇಡಿ, ರಕ್ತ ಸಿಗದೆಯೂ ತಿಂಗಳುಗಟ್ಟಲೆ ಬದುಕುತ್ತವೆ. ಗ್ರಿಲ್ ಮೇಲೋ ಎಸಿ ಹಿಂದೆಯೋ ಪಾರಿವಾಳದ ಗೂಡಿದ್ದರೆ ಅಲ್ಲಿಂದಲೂ ಬರುತ್ತವೆ, ಬಲೆ ಹಾಕಿಸಿ.

ಪುಣೆಯಿಂದ: ಹಾಡು ನಿಲ್ಲಿಸಿದ ಗೋಲ್ಡಿಯನ್ನಿನದು ಬೇರೆಯೇ ಕಥೆ ಇರಬಹುದು. ಏರ್‌ಸ್ಯಾಕ್ ಮೈಟ್ ಶ್ವಾಸನಾಳದೊಳಗೇ ಇರುತ್ತೆ, ಗೋಲ್ಡಿಯನ್‌ಗಳಲ್ಲಿ ಹೆಚ್ಚು. ಫ್ಯಾನ್, ಟಿವಿ ಆರಿಸಿ ಪಂಜರದ ಹತ್ತಿರ ಕಿವಿಗೊಡಿ: ಉಸಿರಿಗೊಮ್ಮೆ ಟಿಕ್ ಟಿಕ್ ಸದ್ದು, ಬಾಯಿ ತೆರೆದು ಉಸಿರಾಟ, ಬಾಲ ಮೇಲೆ ಕೆಳಗೆ ಆಡೋದು, ಕೊಕ್ಕನ್ನು ಕೋಲಿಗೆ ಉಜ್ಜುತ್ತಲೇ ಇರೋದು. ವೈದ್ಯರು ಕತ್ತಿನ ಗರಿ ಒದ್ದೆಮಾಡಿ ಹಿಂದಿನಿಂದ ಬೆಳಕು ಬಿಟ್ಟಾಗ ಗಸಗಸೆಯಂಥ ಕಪ್ಪು ಚುಕ್ಕೆ ಕಾಣಬಹುದು. ಸೋಂಕಾದರೂ ಇದೇ ಸದ್ದು ಬರುತ್ತೆ, ಆದ್ದರಿಂದ ತೋರಿಸದೆ ಔಷಧಿ ಹಾಕಬೇಡಿ.

ಡೊಂಬಿವಲಿಯಿಂದ: ದನಕ್ಕೆ ಕೊಡೋ ಐವರ್ಮೆಕ್ಟಿನ್ (ಮೈಟ್, ಹುಳು ಕೊಲ್ಲೋ ಔಷಧಿ) ಒಂದು ಹನಿ ಸಾಕು ಅಂತಾರಲ್ಲ?

ಪುಣೆಯಿಂದ: ಲೆಕ್ಕ ಹಾಕಿ ನೋಡಿ. ಸಾಮಾನ್ಯ ಪ್ರಮಾಣ ಕಿಲೋಗೆ 0.2 ಮಿ.ಗ್ರಾಂ. ಫಿಂಚ್ 15 ಗ್ರಾಂ ಇದ್ದರೆ 0.003 ಮಿ.ಗ್ರಾಂ ಆಯಿತು. 1% ಇಂಜೆಕ್ಷನ್ನಿನ ಒಂದು ಹನಿಯಲ್ಲಿ ಸುಮಾರು 0.5 ಮಿ.ಗ್ರಾಂ, ಅಂದರೆ 150 ಪಟ್ಟಿಗೂ ಮೀರಿ! ಮನೇಲಿ ನೀರು ಬೆರೆಸಿ ತೆಳು ಮಾಡೋಕೂ ಆಗಲ್ಲ, ಅದು ನೀರಲ್ಲಿ ಸರಿಯಾಗಿ ಕರಗಲ್ಲ. ವೈದ್ಯರು ತೆಳು ಮಾಡಿಕೊಟ್ಟದ್ದನ್ನು ಕತ್ತಿನ ಹಿಂದೆ ಗರಿ ಸರಿಸಿ ಚರ್ಮಕ್ಕೇ ಹಾಕಬೇಕು, 10–14 ದಿನಕ್ಕೆ ಮತ್ತೆ. ಆರೂ ಹಕ್ಕಿಗೆ ಹಾಕಿಸಿ. ಈ ಮೈಟ್ ನೀರು, ಗುಟುಕುಗಳಿಂದ ಹರಡುತ್ತೆ. ಸತ್ತ ಮೈಟ್‌ಗಳು ಶ್ವಾಸನಾಳ ಕಟ್ಟೋದರಿಂದ ಮೊದಲೆರಡು ದಿನ ಉಸಿರಾಟ ಹದಗೆಡಬಹುದು. ಆಗ ಹಿಡಿಯೋದು, ಅಟ್ಟಿಸೋದು ಬೇಡವೇ ಬೇಡ; ಬೆಚ್ಚಗೆ, ಸದ್ದಿಲ್ಲದ ಕಡೆ ಇಡಿ.

ಮಾಟುಂಗಾದಿಂದ: ಕೊಕ್ಕಿನ ಬುಡ, ಕಾಲಲ್ಲಿ ಬಿಳಿ ಹೊಪ್ಪಳೆ ಇದೆಯಾ ಅಂತಲೂ ನೋಡಿಬಿಡಿ, ಅದು ಮೂರನೇ ಜಾತಿಯ ಮೈಟ್. ಕೀಳಬೇಡಿ, ರಕ್ತ ಬರುತ್ತೆ. ಪರೇಲ್‌ನ ಬೈ ಸಾಕರ್‌ಬಾಯಿ ಪ್ರಾಣಿ ಆಸ್ಪತ್ರೆಯಲ್ಲಿ ಹಕ್ಕಿಗಳನ್ನೂ ನೋಡುತ್ತಾರೆ. ಚಿಕ್ಕ ಡಬ್ಬಿಗೆ ತೂತು ಮಾಡಿ, ತಳಕ್ಕೆ ಟಿಶ್ಯೂ ಹಾಸಿ ಒಯ್ಯಿರಿ, ಹಿಕ್ಕೆಯೂ ಪರೀಕ್ಷೆಗೆ ಸಿಗುತ್ತೆ. ಬೆಳಗಿನ ಲೋಕಲ್ ರಷ್‌ನಲ್ಲಿ ಮಾತ್ರ ಬೇಡ.