ಮೆಲ್ಬರ್ನ್‌ನ ಕ್ಯಾಥೊಲಿಕ್ ಶಾಲೆ, ಡೋಣಿ ಸಾಲಿನ ಚರಗ

ಮೂರು ದಿನಗಳಿಂದ ಹೊರದೇಶಗಳಲ್ಲಿರುವ ನಮ್ಮವರ ಗುಂಪಿನ ಮಾತುಕತೆಯನ್ನು ಓದುತ್ತಿದ್ದೇನೆ. ಮಗಳನ್ನು ಮನೆಯ ಹತ್ತಿರದ ಕ್ಯಾಥೊಲಿಕ್ ಶಾಲೆಗೆ ಸೇರಿಸಲೋ ಬೇಡವೋ ಎಂದು ಕೇಳಿದ ತಂಗಿಗೆ ಕೆಲವರು ಶುಲ್ಕದ ಲೆಕ್ಕ ಕೊಟ್ಟಿದ್ದಾರೆ, ಕೆಲವರು ಅಲ್ಲಿನ ಶಿಸ್ತನ್ನು ಹೊಗಳಿದ್ದಾರೆ. ಹಿರಿಯರಾದ ಅಣ್ಣನವರೊಬ್ಬರು ‘ಮಕ್ಕಳು ಕೈತಪ್ಪಿ ಹೋಗುತ್ತಾರೆ, ಎಚ್ಚರ’ ಎಂದು ಬರೆದಿದ್ದಾರೆ. ಮೆಲ್ಬರ್ನ್‌ನಿಂದ ಊರಿಗೆ ಬಂದ ಗಡಿಬಿಡಿಯಲ್ಲಿ ನನಗೆ ಉತ್ತರಿಸಲು ಆಗಿರಲಿಲ್ಲ. ಈಗ ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ, ಅಪ್ಪನ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೇನೆ. ನಿನ್ನೆ ಎಳ್ಳಮವಾಸ್ಯೆ. ಹೊಲಕ್ಕೆ ಹೋಗಿ ಚರಗ, ಅಂದರೆ ಭೂಮಿತಾಯಿಗೆ ಎಡೆ, ಚೆಲ್ಲಿ ಬಂದೆವು. ಅಲ್ಲಿ ನಡೆದದ್ದನ್ನು ನೋಡಿದ ಮೇಲೆ ನಿಮಗೆ ಬರೆಯಲೇಬೇಕು ಅನ್ನಿಸಿತು.

ಮೊದಲು ನನ್ನ ಶಾಲೆಯ ಕಥೆ. ಅಪ್ಪನ ನೌಕರಿಯಿಂದಾಗಿ ನಾವು ಬೆಳಗಾವಿಯಲ್ಲಿ ಬೆಳೆದವರು. ಕ್ಯಾಂಪ್ ಪ್ರದೇಶದ ಹುಣಸೆಮರಗಳ ನೆರಳಿನಲ್ಲಿ ಸೈಕಲ್ ತುಳಿದು ಕಾನ್ವೆಂಟಿಗೆ ಹೋಗುತ್ತಿದ್ದೆ. ಬೆಳಗಾವಿಗೆ ಈ ಶಾಲೆಗಳು ಹೊಸವಲ್ಲ. ಸೇಂಟ್ ಪಾಲ್ಸ್ ಶಾಲೆ ಆರಂಭವಾದದ್ದು 1856ರಲ್ಲಿ. ಬಿಷಪ್ಪರ ಆಡಳಿತದ ಬೆಳಗಾವಿ ಧರ್ಮಪ್ರಾಂತ್ಯವೇ ರಚನೆಯಾದದ್ದು ಅದಾದ ಸುಮಾರು ನೂರು ವರ್ಷಕ್ಕೆ, 1953ರಲ್ಲಿ. ನಮ್ಮ ತರಗತಿಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕೂ ಕೇಳುತ್ತಿದ್ದವು. ಊಟದ ನಂತರದ ಒಂದು ಅವಧಿಯಲ್ಲಿ ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಬೇರೆ ಕೋಣೆಗೆ ಹೋಗುತ್ತಿದ್ದರು, ಉಳಿದ ನಮಗೆ ನೀತಿಪಾಠ. ನಮ್ಮ ಸಂವಿಧಾನದ 28ನೆಯ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಯಾರನ್ನೂ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಅದು ನನಗೆ ಆಗ ತಿಳಿದಿರಲಿಲ್ಲ. ಗೋಡೆಯಾಚೆಯಿಂದ ಹಾಡು ಕೇಳುತ್ತಿತ್ತು, ನಾವು ಈಚೆ ಸತ್ಯ, ಪ್ರಾಮಾಣಿಕತೆಗಳ ಪಾಠ ಬರೆದುಕೊಳ್ಳುತ್ತಿದ್ದೆವು. ಅಷ್ಟೇ.

ಆದ್ದರಿಂದ ಮೆಲ್ಬರ್ನ್‌ನಲ್ಲಿ ಮಗಳನ್ನು ಸೇರಿಸುವಾಗ ಅಲ್ಲಿಯೂ ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ. ಹಾಗಿಲ್ಲ, ತಂಗಿ. ಸೇರಿಸುವ ಮುನ್ನ ಇದನ್ನು ತಿಳಿದಿರಿ. ಅಲ್ಲಿ ಪಕ್ಕದ ಕೋಣೆ ಇಲ್ಲ. ಧರ್ಮದ ಪಾಠ ಎಲ್ಲ ಮಕ್ಕಳಿಗೂ ಗಣಿತ, ಭಾಷೆಗಳಷ್ಟೇ ಸಹಜವಾದ ವಿಷಯ. ಶಾಲೆಯ ಬಲಿಪೂಜೆಗೆ, ಅಂದರೆ ಚರ್ಚಿನ ‘ಮಾಸ್’ ಪ್ರಾರ್ಥನೆಗೆ, ಇಡೀ ತರಗತಿ ಹೋಗುತ್ತದೆ. ಅಲ್ಲಿ ರೊಟ್ಟಿಯ ಪ್ರಸಾದ ಕೊಡುವ ಪರಮಪ್ರಸಾದದ ಸಮಯದಲ್ಲಿ ನಮ್ಮ ಮಕ್ಕಳು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿ ಇಟ್ಟುಕೊಂಡು ಹೋಗುತ್ತಾರೆ. ಗುರುಗಳು (ಪಾದ್ರಿ) ಪ್ರಸಾದ ಕೊಡದೆ ಆಶೀರ್ವದಿಸಿ ಕಳುಹಿಸುತ್ತಾರೆ. ಮೊದಲ ಪರಮಪ್ರಸಾದ, ದೃಢೀಕರಣ ಎಂಬ ಸಂಸ್ಕಾರಗಳೆಲ್ಲ ಜ್ಞಾನಸ್ನಾನ (ಬ್ಯಾಪ್ಟಿಸಂ) ಆದ ಮಕ್ಕಳಿಗೆ ಮಾತ್ರ, ಅದೂ ಮನೆಯವರು ಕೇಳಿಕೊಂಡರೆ. ನಮ್ಮ ಮಗುವನ್ನು ಯಾರೂ ಅತ್ತ ಎಳೆಯಲಿಲ್ಲ. ಆದರೆ ಪಾಠದಿಂದ ಹೊರಗೂ ಇಡಲಿಲ್ಲ. ಆಸ್ಟ್ರೇಲಿಯಾದಲ್ಲಿ ಸುಮಾರು ಐವರು ವಿದ್ಯಾರ್ಥಿಗಳಲ್ಲಿ ಒಬ್ಬರು ಓದುವುದು ಇಂಥ ಶಾಲೆಗಳಲ್ಲಿ, ಹಾಗಾಗಿ ಬೇರೆ ಧರ್ಮದ ಮಕ್ಕಳು ಅವರಿಗೆ ಅಪರೂಪವಲ್ಲ. ಡಬ್ಲಿನ್‌ನಿಂದ ಬರೆದ ಸಹೋದರಿಗೆ ಒಂದು ಮಾತು: ಜ್ಞಾನಸ್ನಾನದ ಪತ್ರವಿಲ್ಲದೆ ಸೀಟು ಸಿಗುವುದಿಲ್ಲ ಎಂಬ ಭಯ ನಿಮ್ಮಲ್ಲಿ ಈಗ ಬೇಕಿಲ್ಲ, ಅಲ್ಲಿನ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗಳ ಪ್ರವೇಶದಲ್ಲಿ ಧರ್ಮವನ್ನು ನೋಡಬಾರದೆಂದು 2018ರಲ್ಲಿ ಕಾನೂನು ಆಗಿದೆ.

ಮಗ ಶಾಲೆಗೆ ಸೇರಿದ ಮೊದಲ ವರ್ಷ ಫೆಬ್ರವರಿಯಲ್ಲಿ ಹಣೆಯ ಮೇಲೆ ಕಪ್ಪು ಶಿಲುಬೆಯ ಗುರುತಿನೊಂದಿಗೆ ಮನೆಗೆ ಬಂದ. ಬಾಗಿಲು ತೆರೆದ ನನ್ನ ಅತ್ತೆಯವರು ಒಂದು ಕ್ಷಣ ಹೆದರಿ ಹಿಂದೆ ಸರಿದರು. ಅವನು ಚೀಲವನ್ನೂ ಕೆಳಗಿಡದೆ, ‘ಅಜ್ಜಿ, ನಮ್ಮ ಶಾಲೆಯಲ್ಲೂ ವಿಭೂತಿ ಹಚ್ಚುತ್ತಾರೆ. ಆದರೆ ಅವರು ದಿನಾ ಹಚ್ಚುವುದಿಲ್ಲ, ವರ್ಷಕ್ಕೆ ಒಂದೇ ದಿನ’ ಎಂದ. ದಿನವೂ ಬೆಳಗ್ಗೆ ಅವನ ಹಣೆಗೆ ಮೂರು ಬೆರಳು ಎಳೆಯುವ ಅತ್ತೆಯವರು ಅವನನ್ನು ಹತ್ತಿರ ಕರೆದು, ಆ ಬೂದಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದರು. ‘ಇದು ಸೆಗಣಿಯದಲ್ಲ, ಎಲೆ ಸುಟ್ಟದ್ದು’ ಎಂದರು. ನಿಜವೇ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಹಂಚಿದ ಗರಿಗಳನ್ನು ಸುಟ್ಟು ಆ ಬೂದಿ ಮಾಡುತ್ತಾರೆ. ನಮ್ಮ ನಾಡಿನ ಕನ್ನಡ ಕ್ರೈಸ್ತರು ಆ ದಿನವನ್ನು ವಿಭೂತಿ ಬುಧವಾರ ಎಂದೇ ಕರೆಯುತ್ತಾರೆ. ನಾನು ಹೇಳಿದಾಗ ಅತ್ತೆಯವರಿಗೆ ಆಶ್ಚರ್ಯವಾಯಿತು. ಬೆಳಗಾವಿ ಹತ್ತಿರದ ದೇಶನೂರಿನಲ್ಲಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಗುರುಗಳು ಕಾವಿ ಉಟ್ಟು ಬದುಕುವ ಮಠವಿರುವುದನ್ನೂ ಹೇಳಿದೆ. ಅಂದು ಸಂಜೆ ಮಗನ ಮುಖ ತೊಳೆಸಲು ಹೋದರೆ, ‘ಇರಲಿ ಬಿಡು, ತಾನಾಗಿಯೇ ಹೋಗುತ್ತದೆ’ ಎಂದವರು ಅತ್ತೆಯವರೇ.

ಎಲ್ಲವೂ ಹೀಗೆ ಸುಲಭವಾಗಿ ಬಗೆಹರಿಯಲಿಲ್ಲ. ಮಗಳು ಎರಡನೆಯ ತರಗತಿಯಲ್ಲಿದ್ದಾಗ, ಕೊರಳಿನ ಕರಡಿಗೆಯನ್ನು (ಇಷ್ಟಲಿಂಗವಿಡುವ ಪುಟ್ಟ ಡಬ್ಬಿ) ಆಭರಣವೆಂದು ತಿಳಿದು ಆಟದ ಅವಧಿಯಲ್ಲಿ ತೆಗೆದಿಡಲು ಶಿಕ್ಷಕರೊಬ್ಬರು ಹೇಳಿದರು. ಅವಳು ತೆಗೆಯಲಿಲ್ಲ, ಅತ್ತಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮರುದಿನ ಮುಖ್ಯೋಪಾಧ್ಯಾಯರ ಎದುರು ಕುಳಿತಾಗ ಅವರು ಕೇಳಿದ ಮೊದಲ ಪ್ರಶ್ನೆ: ‘ಇದು ಏನೆಂದು ನನಗೆ ಹೇಳುತ್ತೀರಾ?’ ಇಷ್ಟಲಿಂಗ ಎಂದರೇನು, ಅದನ್ನು ಏಕೆ ಕೆಳಗಿಡುವುದಿಲ್ಲ ಎಂದು ವಿವರಿಸಲು ಹೋದರೆ ನನ್ನ ಬಾಯಿ ಕಟ್ಟಿತು. ಇಪ್ಪತ್ತು ವರ್ಷ ಕೊರಳಲ್ಲಿ ಕಟ್ಟಿಕೊಂಡದ್ದನ್ನು ಇನ್ನೊಬ್ಬರಿಗೆ ಎರಡು ವಾಕ್ಯದಲ್ಲಿ ಹೇಳಲು ನಾನು ಕಲಿತೇ ಇರಲಿಲ್ಲ. ಕೊನೆಗೆ ದಾರವನ್ನು ಗಿಡ್ಡ ಮಾಡಿ ಅಂಗಿಯೊಳಗೆ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು, ಶಿಕ್ಷಕರು ಮಗಳ ಕ್ಷಮೆ ಕೇಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ಭಾನುವಾರ ಬೆಳಗ್ಗೆ ಅರ್ಧ ಗಂಟೆ ವಚನಗಳ ಓದು ನಡೆಯುತ್ತಿದೆ. ಮಗಳು ಪ್ರಶ್ನೆ ಕೇಳುತ್ತಾಳೆ, ನಾವು ತಡವರಿಸುತ್ತೇವೆ, ಬೆಳಗಾವಿಯಲ್ಲಿರುವ ಅಣ್ಣನಿಗೆ ಕರೆ ಮಾಡಿ ಕೇಳುತ್ತೇವೆ.

‘ಕೈತಪ್ಪಿ ಹೋಗುತ್ತಾರೆ’ ಎಂದ ಅಣ್ಣನವರಿಗೆ ನಾನು ಗೌರವದಿಂದಲೇ ಹೇಳುವುದು ಇದು: ನಮ್ಮ ಮಕ್ಕಳ ಕೈ ಹಿಡಿದಿರುವವರು ಯಾರು ಎಂಬುದು ಮನೆಯ ಪ್ರಶ್ನೆ. ಧರ್ಮದ ಮಾತೇ ಇಲ್ಲದ ಶಾಲೆಗೆ ಹೋದ ನಮ್ಮ ಪರಿಚಯದ ಹಲವು ಮಕ್ಕಳಿಗೆ ಬಸವ ಜಯಂತಿ ಎಂದರೆ ಸಂಘದ ಊಟವಷ್ಟೇ ಆಗಿದೆ. ಅವರನ್ನು ಯಾರೂ ಮತಾಂತರ ಮಾಡಿಲ್ಲ, ಆದರೂ ಅವರ ಕೈ ಖಾಲಿಯಿದೆ. ಇದು ನನಗೆ ಹೆಚ್ಚು ನೋವು ಕೊಡುತ್ತದೆ.

ನನ್ನ ಯಜಮಾನರು ಬಾಗಲಕೋಟೆಯವರು, ಮುಳುಗಡೆಯ ಮನೆತನ. ಆಲಮಟ್ಟಿಯ ಹಿನ್ನೀರು ಹಳೇ ಊರಿಗೆ ಬಂದಾಗ ಅವರ ಓಣಿಯ ಜನ ನವನಗರದ ಬೇರೆ ಬೇರೆ ಸೆಕ್ಟರ್‌ಗಳಿಗೆ ಚದುರಿದರು. ಮನೆ ಸಿಕ್ಕಿತು, ನಿವೇಶನ ಸಿಕ್ಕಿತು, ಓಣಿ ಸಿಗಲಿಲ್ಲ ಎಂದು ಮಾವನವರು ಕೊನೆಯವರೆಗೂ ಹೇಳುತ್ತಿದ್ದರಂತೆ. ಶಾಲೆಯ ವಿಷಯದಲ್ಲಿ ನನಗಿಂತ ಹೆಚ್ಚು ಅನುಮಾನವಿದ್ದದ್ದು ಯಜಮಾನರಿಗೇ. ಅತ್ತೆಯವರು ಸೊಂಟದ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದ ಚಳಿಗಾಲದಲ್ಲಿ ಯಜಮಾನರ ಮನಸ್ಸು ಬದಲಾಯಿತು. ಶಾಲೆಯ ತಾಯಂದಿರು ತಮ್ಮತಮ್ಮಲ್ಲೇ ಸರದಿ ಹಾಕಿಕೊಂಡು ಮೂರು ವಾರ ರಾತ್ರಿಯ ಊಟ ತಂದಿಟ್ಟರು. ನಾವು ಬಾಗಿಲ ಬಳಿ ಒಂದು ತಂಪುಪೆಟ್ಟಿಗೆ ಇಟ್ಟರೆ ಸಾಕಿತ್ತು. ಸಂಜೆ ಅದರಲ್ಲಿ ಡಬ್ಬಿ ಇರುತ್ತಿತ್ತು. ನಾವು ಶಾಕಾಹಾರಿಗಳೆಂದು ತಿಳಿದು, ಒಬ್ಬರು ಡಬ್ಬಿಯ ಮುಚ್ಚಳದ ಮೇಲೆ ಹಾಕಿದ ಪ್ರತಿಯೊಂದು ಪದಾರ್ಥವನ್ನೂ ಬರೆದಿದ್ದರು: ಕುಂಬಳಕಾಯಿ, ಕಡಲೆ, ಈರುಳ್ಳಿ, ಉಪ್ಪು. ಕೊನೆಯಲ್ಲಿ ‘ಮೊಟ್ಟೆ ಇಲ್ಲ’ ಎಂದು ಎರಡು ಗೆರೆ ಎಳೆದಿದ್ದರು. ಯಜಮಾನರು ಆ ಮುಚ್ಚಳವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದರು. ಈಗ ಶಾಲೆಯ ಶ್ರಮದಾನದ ಶನಿವಾರಗಳಲ್ಲಿ ಸಲಿಕೆ ಹಿಡಿದು ಮೊದಲು ಹೊರಡುವವರು ಅವರೇ.

ಆ ಶ್ರಮದಾನ ಹೆಚ್ಚಾಗಿ ತೋಟದ ಕೆಲಸ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಕ್ರೈಸ್ತರು ಸೃಷ್ಟಿಗಾಗಿ ಮೀಸಲಿಟ್ಟ ಕಾಲವೊಂದನ್ನು ಆಚರಿಸುತ್ತಾರೆ. ಮೆಲ್ಬರ್ನ್‌ನಲ್ಲಿ ಆಗ ವಸಂತ. ಮಕ್ಕಳು ಆ ನೆಲದ್ದೇ ಗಿಡಗಳನ್ನು ನೆಡುತ್ತಾರೆ, ಕಾಗದ-ಪ್ಲಾಸ್ಟಿಕ್ ಸುತ್ತದ ಬುತ್ತಿ ತರುತ್ತಾರೆ, ಉಳಿದ ಹಣ್ಣಿನ ಸಿಪ್ಪೆಯನ್ನು ಎರೆಹುಳುವಿನ ಪೆಟ್ಟಿಗೆಗೆ ಹಾಕುತ್ತಾರೆ. ಇದನ್ನು ಯಾವ ಶಾಲೆಯೂ ಮಾಡಬಹುದು. ಇಲ್ಲಿ ನನಗೆ ಹಿಡಿಸಿದ್ದು, ಎರೆಹುಳುವಿನ ಪೆಟ್ಟಿಗೆಗೂ ಪ್ರಾರ್ಥನೆಗೂ ನಡುವೆ ಗೋಡೆ ಇಲ್ಲದಿರುವುದು. ಕಸ ಹಾಕಬಾರದು ಎಂಬುದು ಅಲ್ಲಿ ನಿಯಮವಲ್ಲ, ಕೃತಜ್ಞತೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಭೂಮಿಯನ್ನು ‘ನಮ್ಮೆಲ್ಲರ ಮನೆ’ ಎಂದು ಕರೆದು ವಿಶ್ವಪರಿಪತ್ರ, ಅಂದರೆ ಎಲ್ಲರಿಗೂ ಬಹಿರಂಗ ಪತ್ರ, ಬರೆದರು. ಈ ಶಾಲೆಗಳ ಪಾಠಗಳಲ್ಲಿ ಅದರ ನೆರಳು ದಟ್ಟವಾಗಿದೆ. ಅದರ ಹೆಸರು ‘ಲಾವ್ದಾತೋ ಸೀ’, ಅಸಿಸಿಯ ಸಂತ ಫ್ರಾನ್ಸಿಸರ ಹಾಡಿನಿಂದ ಬಂದದ್ದು. ಆ ಸಂತರು ತೀರಿಕೊಂಡದ್ದು 1226ರಲ್ಲಿ. ಸೂರ್ಯನನ್ನು ಅಣ್ಣನೆಂದೂ ನೀರನ್ನು ಅಕ್ಕನೆಂದೂ ಕರೆದ ಆ ಹಾಡನ್ನು ಅವರು ಪಂಡಿತರ ಲ್ಯಾಟಿನ್‌ನಲ್ಲಿ ಕಟ್ಟಲಿಲ್ಲ, ತಮ್ಮ ಸೀಮೆಯ ಆಡುಮಾತಿನಲ್ಲಿ ಕಟ್ಟಿದರು. ಇದನ್ನು ಮಗಳ ಪುಸ್ತಕದಲ್ಲಿ ಓದಿದಾಗ ನನಗೆ ಕೂಡಲಸಂಗಮ ನೆನಪಾಯಿತು. ಅವರಿಗಿಂತ ಸ್ವಲ್ಪ ಮೊದಲು ನಮ್ಮ ಶರಣರೂ ದೇವರೊಂದಿಗೆ ಮಾತಾಡಲು ಸಂಸ್ಕೃತವನ್ನು ಬಿಟ್ಟು ಮನೆಮಾತನ್ನು ಆರಿಸಿಕೊಂಡಿದ್ದರಲ್ಲ!

ಈಗ ನಿನ್ನೆಯ ವಿಷಯ. ನಮ್ಮದು ಡೋಣಿ ನದಿಯ ಸಾಲಿನ ಎರೆಭೂಮಿ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎನ್ನುವ ಸೀಮೆ. ಅವ್ವ ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಹೊಲದಲ್ಲಿ ಜೋಳ ಮಕ್ಕಳ ತಲೆಗಿಂತ ಎತ್ತರಕ್ಕೆ ನಿಂತಿತ್ತು, ಅಂಚಿನಲ್ಲಿ ಕುಸುಬೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಅಪ್ಪ ಎಡೆಯನ್ನೆಲ್ಲ ಕಲಸಿ ಬುಟ್ಟಿಯಲ್ಲಿಟ್ಟುಕೊಂಡು ‘ಹುಲಿಗ್ಯೋ’ ಎಂದು ಕೂಗುತ್ತ ಹೊಲದ ಸುತ್ತ ಚೆಲ್ಲಿದರು. ಹಿಂದೆ ಮಗ ತಂಬಿಗೆಯ ನೀರು ಚಿಮುಕಿಸುತ್ತ ಹೋದ. ಮಗಳು ಕೇಳಿದಳು: ‘ಅಜ್ಜ, ಇದು ಯಾರಿಗೆ?’ ಅಪ್ಪ ನಡೆಯುತ್ತಲೇ ಹೇಳಿದರು: ‘ಭೂಮಿತಾಯಿಗೆ. ಬಸಿರಾಗಿದ್ದಾಳೆ, ಬಯಕೆಯ ಊಟ. ಇರುವೆಗೆ, ಹಕ್ಕಿಗೆ, ಇಲಿಗೂ ಪಾಲು.’

ಆಮೇಲೆ ಎಲ್ಲರೂ ಉಂಡರು. ನಾಲ್ಕು ಮನೆಯ ಬಳಗ, ಮೂವತ್ತು ಜನ. ನಾನು ಚಿಕ್ಕವಳಿದ್ದಾಗ ಮುತ್ತಲದ ಎಲೆಯಲ್ಲೋ ಅಂಗೈಯ ರೊಟ್ಟಿಯ ಮೇಲೋ ಉಣ್ಣುತ್ತಿದ್ದೆವು. ಈಗ ಪ್ಲಾಸ್ಟಿಕ್ ತಟ್ಟೆ, ಪ್ಲಾಸ್ಟಿಕ್ ಲೋಟ, ನೀರಿನ ಪಾಕೀಟು. ಉಂಡವರು ಅಲ್ಲಿಯೇ ಬದುವಿನ ಮೇಲೆ ಎಸೆದು ಎದ್ದರು. ಯಾರಿಗೂ ಏನೂ ಅನ್ನಿಸಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಅನ್ನಿಸಲಿಲ್ಲ. ತಿರುಗಿ ನೋಡಿದರೆ ಮಗಳು ಖಾಲಿಯಾದ ರೊಟ್ಟಿಯ ಚೀಲ ಹಿಡಿದು ಒಬ್ಬಳೇ ಆಯುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ, ಯಾರ ಮೇಲೂ ಸಿಟ್ಟಿರಲಿಲ್ಲ. ಅಣ್ಣನ ಮಕ್ಕಳು ಮೊದಲು ನಿಂತು ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಬಗ್ಗಿದರು. ಅವಳು ನನ್ನನ್ನು ಕೇಳಿದ ಮಾತು ಒಂದೇ: ‘ಅಮ್ಮ, ಬಸಿರಿ ಎಂದು ಅಜ್ಜ ಹೇಳಿದರಲ್ಲ?’

ಅಪ್ಪನಿಗೆ ಕೇಳಿಸಿತು. ಬೇಸಿಗೆಯಲ್ಲಿ ನಮ್ಮ ಎರೆ ಗೇಣಗಲ ಬಿರುಕು ಬಿಡುತ್ತದೆ. ಬಿದ್ದ ಪ್ಲಾಸ್ಟಿಕ್ ಆ ಬಿರುಕಿನೊಳಗೆ ಇಳಿದು ಮಳೆ ಬಂದ ಮೇಲೆ ಕುಂಟೆಗೆ ತೊಡರುತ್ತದೆ. ಇದನ್ನು ಅಪ್ಪ ನನಗೆ ಹಿಂದೆಯೂ ಹೇಳಿದ್ದರು, ಬೇಸರದಿಂದ, ತಮ್ಮ ಕೈಯಲ್ಲೇನೂ ಇಲ್ಲವೆಂಬಂತೆ. ನಿನ್ನೆ ಅವರು ಟವೆಲನ್ನು ತಲೆಗೆ ಸುತ್ತಿಕೊಂಡು ಬಂದು ಮೊಮ್ಮಗಳ ಪಕ್ಕ ಕುಳಿತು ಆಯತೊಡಗಿದರು. ಬರುವ ವರ್ಷ ಮುತ್ತಲದ ಎಲೆ ತರಿಸುವುದೆಂದು ಅಲ್ಲಿಯೇ ನಿರ್ಧಾರವಾಯಿತು. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದವರು, ತಮಗೆ ಸ್ಮಾರಕವೂ ಬೇಡವೆಂದು ಬರೆದಿಟ್ಟು 2023ರ ಜನವರಿಯಲ್ಲಿ ಹೋದವರು. ಅವರ ಪ್ರವಚನ ಕೇಳಲು ಅಪ್ಪ ಸೈಕಲ್ ಮೇಲೆ ಊರೂರಿಗೆ ಹೋಗಿದ್ದಾರೆ. ರಾತ್ರಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸ್ವಾಮೀಜಿಯ ಅಂಗಿಗೆ ಜೇಬೇ ಇರಲಿಲ್ಲ ಎಂದು ಹೇಳುತ್ತಿದ್ದರು. ಅವಳು ಅಸಿಸಿಯ ಸಂತರೂ ಬಟ್ಟೆ ವ್ಯಾಪಾರಿಯ ಮಗನಾಗಿ ಹುಟ್ಟಿ ಎಲ್ಲವನ್ನೂ ಬಿಟ್ಟವರೆಂದು ಅರೆಬರೆ ಕನ್ನಡದಲ್ಲಿ ಹೇಳಿದಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಾನು ಒಳಗೆ ಪಾತ್ರೆ ತೊಳೆಯುತ್ತ ಕೇಳಿಸಿಕೊಂಡೆ.

ತಂಗಿ, ಶಾಲೆಯವರು ಭೇಟಿಗೆ ಕರೆದಾಗ ಅರ್ಜಿಯ ಧರ್ಮದ ಕಾಲಂ ಅನ್ನು ಖಾಲಿ ಬಿಡಬೇಡಿ, ಇದ್ದದ್ದನ್ನು ಬರೆಯಿರಿ. ಸೀಟಿಗಾಗಿ ಜ್ಞಾನಸ್ನಾನ ಮಾಡಿಸುವ ಯೋಚನೆ ಯಾರಾದರೂ ತಲೆಯಲ್ಲಿ ತುಂಬಿದ್ದರೆ ತೆಗೆದುಹಾಕಿ. ಅದು ಅವರ ಧರ್ಮಕ್ಕೂ ಅವಮಾನ, ನಮ್ಮದಕ್ಕೂ. ಬಲಿಪೂಜೆಯ ದಿನ ಮಗು ಏನು ಮಾಡಬೇಕು, ನಿಮ್ಮ ಹಬ್ಬಕ್ಕೆ ರಜೆ ಕೊಡುತ್ತಾರೆಯೇ, ಪ್ರಾರ್ಥನೆಯ ಬಗ್ಗೆ ಮಗು ಪ್ರಶ್ನೆ ಕೇಳಿದರೆ ಯಾರು ಉತ್ತರಿಸುತ್ತಾರೆ ಎಂದು ನೇರವಾಗಿ ಕೇಳಿ. ಉತ್ತರಕ್ಕಿಂತ, ಅವರು ನಿಮ್ಮನ್ನು ಮರಳಿ ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. ನಾವು ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ದೇವರ ಜಾತ್ರೆ ಮುಗಿಸಿ ಜನವರಿ ಕೊನೆಗೆ ಮರಳುತ್ತೇವೆ. ಮಗಳಿಗೆ ಅಜ್ಜನ ಹೊಲದ ಜೋಳ ಬೇಕಂತೆ, ಶಾಲೆಯ ತೋಟದಲ್ಲಿ ಬಿತ್ತಲು. ಬೀಜಗಳನ್ನು ಹಾಗೆ ಒಯ್ಯಲು ಆಸ್ಟ್ರೇಲಿಯಾದ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ ಎಂದು ತಿಳಿಸಿ ಹೇಳಿದ್ದೇನೆ. ಈಗ ಬನ್ನಿಗಿಡದ ಚಿತ್ರ ಬರೆಯುತ್ತಿದ್ದಾಳೆ. ಐದನೆಯ ಕಲ್ಲು ಯಾರೆಂದು ಕೇಳಲು ಅಜ್ಜನನ್ನು ಹುಡುಕಿಕೊಂಡು ಹಿತ್ತಲಿಗೆ ಹೋಗಿದ್ದಾಳೆ.